ಆಟಿ ತಿಂಗಳ ಮಳೆಯಲ್ಲಿ ಹೊಲಿಗೆ ಹಾಕಿದ ನಾಯಿ: ಮನೆಯಲ್ಲಿ ಹೇಗೆ ನೋಡಿಕೊಳ್ಳಲಿ?

ಕುಂಜಿಬೆಟ್ಟಿನ ಮನೆ | ಜುಲೈ 22, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಕುಂಜಿಬೆಟ್ಟಿನ ಒಳದಾರಿಯಲ್ಲಿದೆ. ಬೊಳ್ಳಿ ನಮ್ಮ ಎಂಟು ವರ್ಷದ ಊರ ನಾಯಿ, ಹೆಣ್ಣು, ತೂಕ 14 ಕಿಲೋ. ಮೇ ಕೊನೆಯಲ್ಲಿ ಬೆದೆಗೆ ಬಂದಿದ್ದಳು. ಜುಲೈ ಎರಡನೆಯ ವಾರದಿಂದ ವಿಪರೀತ ನೀರು ಕುಡಿಯಲಾರಂಭಿಸಿದಳು. ಅನ್ನದ ತಟ್ಟೆಯ ಮುಂದೆ ಕುಳಿತು ಮುಖ ತಿರುಗಿಸುತ್ತಿದ್ದಳು. ಮಳೆಗಾಲ, ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡು ನಾಲ್ಕು ದಿನ ಕಳೆದೆ. ಆಮೇಲೆ ವಾಂತಿ ಶುರುವಾಯಿತು. ಸ್ಕ್ಯಾನ್ ಮಾಡಿದರೆ ಗರ್ಭಕೋಶದ ತುಂಬ ಕೀವು. 20ರಂದು ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. 21ರ ಸಂಜೆ ಮನೆಗೆ ಕರೆತಂದೆವು. "ಮಾತ್ರೆ ತಪ್ಪಿಸಬೇಡಿ, ಕೋನ್ ತೆಗೆಯಬೇಡಿ, ಹನ್ನೆರಡು ದಿನ ಕಳೆದು ಬನ್ನಿ" ಎಂದು ಹೇಳಿ ಕಳುಹಿಸಿದರು. ಕೋನ್ ಎಂದರೆ ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ತೊಡಿಸುವ ಪ್ಲಾಸ್ಟಿಕ್ ಕೊರಳಪಟ್ಟಿ. ಹೊರಗೆ ಹಸು, ಕರು, ಬೆಕ್ಕು ಎಂದು ಸಾಲು ಕಾಯುತ್ತಿತ್ತು. ನನಗೂ ಆ ಹೊತ್ತಿಗೆ ಏನು ಕೇಳಬೇಕೆಂದು ತೋಚಲಿಲ್ಲ.

ಈಗ ಮನೆಗೆ ಬಂದ ಮೇಲೆ ಒಂದೊಂದೇ ಪ್ರಶ್ನೆ ಏಳುತ್ತಿದೆ. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಇಲ್ಲಿ ನಾನು, ಅತ್ತೆ, ಪಿಯುಸಿ ಓದುವ ಮಗ ಮಾತ್ರ. ಬೊಳ್ಳಿ ನಿನ್ನೆ ರಾತ್ರಿಯಿಡೀ ಕುಂಯ್‌ಗುಟ್ಟಿದಳು. ಮಲಗಿದರೆ ಏಳುವುದಿಲ್ಲ, ಎದ್ದರೆ ಮಲಗುವುದಿಲ್ಲ. ಎರಡು ಚಮಚ ಗಂಜಿ ಬಿಟ್ಟರೆ ಏನನ್ನೂ ಮುಟ್ಟಿಲ್ಲ. ಮಲ ವಿಸರ್ಜನೆಯೂ ಆಗಿಲ್ಲ. ಮಳೆ ಒಂದು ನಿಮಿಷ ಬಿಡುತ್ತಿಲ್ಲ. ಅಂಗಳವೆಲ್ಲ ಪಾಚಿಗಟ್ಟಿ ಜಾರುತ್ತದೆ. ಅವಳು ಹುಟ್ಟಿದಾಗಿನಿಂದ ಹೊರಗೇ ಹೋಗಿ ಅಭ್ಯಾಸ, ಮನೆಯೊಳಗೆ ಮೂತ್ರ ಮಾಡುವುದಿಲ್ಲ. ಅತ್ತೆ ಹೊಲಿಗೆಗೆ ಅರಿಶಿನ, ತೆಂಗಿನೆಣ್ಣೆ ಹಚ್ಚೋಣ ಎನ್ನುತ್ತಿದ್ದಾರೆ, ಮೀನು ಕೊಟ್ಟರೆ ನಂಜು ಎಂದೂ ಹೇಳುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ. ಇವಳು ನಮ್ಮ ಮನೆಯ ಮಗಳು.

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 22, ರಾತ್ರಿ 11.05

ಅಕ್ಕ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಮಾತೇ ನಿಮಗೆ ಮೊದಲು. ನಾನು ಬೊಳ್ಳಿಯನ್ನು ನೋಡಿದವನಲ್ಲ. ಆದರೆ ಮನೆಯಲ್ಲಿ ಏನನ್ನು ಗಮನಿಸಬೇಕು ಎಂದು ಹೇಳಬಲ್ಲೆ.

ಮೊದಲು ಈ ಕಾಯಿಲೆಯ ಬಗ್ಗೆ ಎರಡು ಮಾತು. ಬೆದೆ ಮುಗಿದು ಕೆಲವು ವಾರಗಳ ನಂತರ ಗರ್ಭಕೋಶದ ಒಳಪದರ ಹಾರ್ಮೋನಿನಿಂದ ದಪ್ಪಗಾಗಿರುತ್ತದೆ. ಅಲ್ಲಿ ಬ್ಯಾಕ್ಟೀರಿಯ ಸೇರಿಕೊಂಡರೆ ಕೀವು ತುಂಬುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸುರಿಯುತ್ತದೆ, ನಮಗೆ ಬೇಗ ಗೊತ್ತಾಗುತ್ತದೆ. ಮುಚ್ಚಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ನೀರು ಹೆಚ್ಚು ಕುಡಿಯುವುದು, ಊಟ ಬಿಡುವುದು, ವಾಂತಿ, ಇಷ್ಟೇ ಸುಳಿವು. ನಾಲ್ಕು ದಿನ ತಡವಾಯಿತು ಎಂದು ಕೊರಗಬೇಡಿ. ಎಷ್ಟೋ ನಾಯಿಗಳು ನಮ್ಮ ಬಳಿ ಬರುವುದು ಅದಕ್ಕಿಂತ ತಡವಾಗಿ.

ಒಂದು ವಿಷಯ ಮಾತ್ರ ತಿಳಿದಿರಲಿ. ಎಳೆಯ, ಆರೋಗ್ಯವಂತ ನಾಯಿಗೆ ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಇದೂ ಒಂದೇ ಅಲ್ಲ. ಕತ್ತರಿಸುವ ಭಾಗ ಒಂದೇ, ಆದರೆ ಬೊಳ್ಳಿಯ ಮೈಯಲ್ಲಿ ಕೀವಿನ ವಿಷ ಹರಿದಾಡಿದೆ, ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದು. ಹಾಗಾಗಿ ನೀರಿನ ಲೆಕ್ಕ ಇಡಿ. ಒಂದು ಲೀಟರ್ ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಹಾಕಿ, ರಾತ್ರಿ ಎಷ್ಟು ಉಳಿಯಿತು ಎಂದು ಬರೆದಿಡಿ. ಸಾಮಾನ್ಯವಾಗಿ ನಾಯಿ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿಲೀಟರ್ ಕುಡಿಯುತ್ತದೆ. ನಿಮ್ಮದಕ್ಕೆ 700ರಿಂದ 840 ಆಯಿತು. 1,400 ದಾಟಿದರೆ ಅದು ಅತಿ. ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ಒಳ್ಳೆಯ ಲಕ್ಷಣ, ಇಳಿಯದಿದ್ದರೆ ವೈದ್ಯರಿಗೆ ಆ ಚೀಟಿಯನ್ನೇ ತೋರಿಸಿ.

ಮೊದಲ ರಾತ್ರಿಯ ಕುಂಯ್‌ಗುಟ್ಟುವಿಕೆಯಲ್ಲಿ ಅರಿವಳಿಕೆಯ ಅಮಲೂ ಸೇರಿರುತ್ತದೆ. ಎರಡನೆಯ ದಿನ ದಾಟಿದ ಮೇಲೂ ಅಳುತ್ತಿದ್ದರೆ ಅದನ್ನು ನೋವು ಎಂದೇ ತಿಳಿಯಿರಿ. ಬೆನ್ನು ಬಾಗಿಸಿ ನಿಲ್ಲುವುದು, ಸುಸ್ತಾಗಿದ್ದರೂ ಮಲಗಲಾರದೆ ನಿಂತೇ ಇರುವುದು, ಓಡಾಡದೆಯೂ ಏದುಸಿರು ಬಿಡುವುದು, ಇವೆಲ್ಲ ನೋವಿನ ಭಾಷೆ. ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ನೋವಿನ ಔಷಧದ ಪ್ರಮಾಣ ಸಾಕೇ ಎಂದು ಕೇಳಿ. ನೀವಾಗಿ ಮನೆಯ ಡಬ್ಬಿಯಲ್ಲಿರುವ ಮನುಷ್ಯರ ಮಾತ್ರೆ ಮಾತ್ರ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಮಲ ಎರಡು ಮೂರು ದಿನ ಆಗದಿದ್ದರೆ ಹೆದರಬೇಡಿ. ಹೊಟ್ಟೆ ಖಾಲಿ ಇತ್ತು, ಬರುವುದಾದರೂ ಎಲ್ಲಿಂದ? ಮೂತ್ರ ಹಾಗಲ್ಲ, ಇಡೀ ದಿನ ಆಗದಿದ್ದರೆ ತಕ್ಷಣ ಕರೆದೊಯ್ಯಿರಿ.

ದಿನಕ್ಕೆ ಎರಡು ಸಲ, ಬೆಳಕಿನಲ್ಲಿ, ಹೊಲಿಗೆಯನ್ನು ನೋಡಿ. ಮುಟ್ಟಬೇಡಿ, ಒರೆಸಬೇಡಿ, ಏನನ್ನೂ ಹಚ್ಚಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ನಿನ್ನೆಯದೂ ಇಂದಿನದೂ ಪಕ್ಕಪಕ್ಕ ಇಟ್ಟು ನೋಡಿದರೆ ಕಣ್ಣಿಗೆ ಮೋಸವಾಗುವುದಿಲ್ಲ. ಮೊದಲ ಎರಡು ಮೂರು ದಿನ ಅಂಚು ಸ್ವಲ್ಪ ಕೆಂಪಗೆ, ಸ್ವಲ್ಪ ಉಬ್ಬಿ ಇರುವುದು ಸಹಜ. ಕೆಂಪು ಹರಡುತ್ತಾ ಹೋದರೆ, ಮುಟ್ಟಿದಾಗ ಸುತ್ತಲಿನ ಮೈ ಬಿಸಿ ಎನಿಸಿದರೆ, ವಾಸನೆ ಬಂದರೆ, ರಕ್ತ ತೊಟ್ಟಿಕ್ಕಿದರೆ ಕಾಯಬೇಡಿ.

ಇನ್ನೊಂದು ಪರೀಕ್ಷೆ ಕಲಿತಿರಿ. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡು ಸುಣ್ಣದಂತೆ ಬಿಳಿಚಿದ್ದರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು, ಅದು ನಡುರಾತ್ರಿಯಾದರೂ ವೈದ್ಯರನ್ನು ಎಬ್ಬಿಸಬೇಕಾದ ಸಂಗತಿ. ಮೂಗು ಒಣಗಿದೆ, ಕಿವಿ ಬಿಸಿಯಿದೆ ಎಂಬುದು ಜ್ವರದ ಲೆಕ್ಕಕ್ಕೆ ಬರುವುದಿಲ್ಲ. ಡಿಜಿಟಲ್ ಥರ್ಮಾಮೀಟರನ್ನು ಗುದದಲ್ಲಿಟ್ಟು ನೋಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. 103 ದಾಟಿದರೆ ಫೋನ್ ಮಾಡಿ.

ನಿವೃತ್ತ ದಾದಿ, ಕಂಕನಾಡಿ | ಜುಲೈ 23, ಬೆಳಿಗ್ಗೆ 6.20

ಮಗಳೇ, ನಾನು ಮೂವತ್ತು ವರ್ಷ ಮನುಷ್ಯರ ವಾರ್ಡಿನಲ್ಲಿ ದುಡಿದವಳು, ಮನೆಯಲ್ಲಿ ಮೂರು ನಾಯಿಗಳನ್ನು ಸಾಕಿದವಳು. ಜಾಗದ ಬಗ್ಗೆ ಹೇಳುತ್ತೇನೆ. ಬೊಳ್ಳಿಯನ್ನು ಚಾವಡಿಯ ಒಂದು ಮೂಲೆಯಲ್ಲಿ ಇರಿಸಿ, ಗೋಡೆ ಎರಡು ಕಡೆ ಇರುವಂತೆ. ಕೆಳಗೆ ಬರಿಯ ಗೋಣಿತಾಟು ಹಾಕಬೇಡಿ. ಮಳೆಗಾಲದಲ್ಲಿ ನೆಲವೇ ಬೆವರುತ್ತದೆ, ಗೋಣಿ ಆ ತೇವವನ್ನೆಲ್ಲ ಹೀರಿಕೊಂಡು ಹೊಟ್ಟೆಗೆ ಅಂಟುತ್ತದೆ. ಕೆಳಗೆ ಮಣೆ ಅಥವಾ ಹಳೆಯ ಬಾಗಿಲಿನ ಹಲಗೆ, ಮೇಲೆ ದಪ್ಪ ಬೆಡ್‌ಶೀಟ್, ಅದರ ಮೇಲೆ ಹತ್ತಿಯ ಬೈರಾಸು (ಟವೆಲ್). ಬೈರಾಸನ್ನು ದಿನಕ್ಕೆ ಎರಡು ಸಲ ಬದಲಿಸಿ. ಒಣಗದ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿಯೇ ಹಾಸಿ.

ನಮ್ಮ ಕೆಂಪು ನೆಲ, ಟೈಲ್ಸ್ ಎರಡೂ ಜಾರುತ್ತವೆ. ಕಾಲು ಜಾರಿ ಅಗಲವಾದರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಹಾಸಿಗೆಯಿಂದ ಬಾಗಿಲಿನವರೆಗೆ ರಬ್ಬರ್ ಮ್ಯಾಟ್ ಹಾಕಿ ಒಂದು ದಾರಿ ಮಾಡಿ. ಮೂತ್ರಕ್ಕೆ ಅಂಗಳಕ್ಕೇ ಇಳಿಸಬೇಕೆಂದಿಲ್ಲ. ಕಾರ್ ನಿಲ್ಲಿಸುವ ಚಪ್ಪರದ ಕೆಳಗೆ ಒಂದು ಹಳೆಯ ಪ್ಲಾಸ್ಟಿಕ್ ತಟ್ಟೆಯಲ್ಲಿ ಅಂಗಳದ ಮಣ್ಣು, ಹುಲ್ಲು ತುಂಬಿಸಿಡಿ. ಸರಪಳಿ ಅಲ್ಲ, ಗಿಡ್ಡ ಹಗ್ಗ ಹಿಡಿದು ನಿಧಾನವಾಗಿ ಕರೆದುಕೊಂಡು ಹೋಗಿ. ಮಣ್ಣಿನ ವಾಸನೆ ಸಿಕ್ಕಿದರೆ ಮಾಡುತ್ತಾಳೆ. ನಮ್ಮ ಹಿರಿಯ ನಾಯಿ ಹಾಗೆಯೇ ಕಲಿತಿತ್ತು.

ತೋಟದ ಮನೆ, ಹೆಬ್ರಿ | ಜುಲೈ 23, ಬೆಳಿಗ್ಗೆ 8.15

ಅರಿಶಿನ, ಎಣ್ಣೆಯ ವಿಷಯಕ್ಕೆ ನನ್ನದೊಂದು ಕಥೆ ಹೇಳಲೇಬೇಕು. ಮೂರು ವರ್ಷದ ಹಿಂದೆ ನಮ್ಮ ಟೈಗರ್‌ಗೆ ಹಂದಿ ತಿವಿದು ತೊಡೆಗೆ ಹೊಲಿಗೆ ಹಾಕಿಸಿದ್ದೆವು. ನಾವೂ ಪ್ರೀತಿಯಿಂದಲೇ ಎಣ್ಣೆ ಅರಿಶಿನ ಹಚ್ಚಿದೆವು. ಎಣ್ಣೆ ಹಚ್ಚಿದ ಜಾಗ ಒಣಗಲೇ ಇಲ್ಲ. ತೋಟದ ಮನೆ, ಪಕ್ಕದಲ್ಲೇ ಹಟ್ಟಿ, ನೊಣಕ್ಕೆ ಬರವೇ? ಐದನೆಯ ದಿನ ಟೈಗರ್ ಕಾಲನ್ನು ಒದರುತ್ತಲೇ ಇದ್ದ. ಟಾರ್ಚ್ ಹಿಡಿದು ನೋಡಿದರೆ ಹೊಲಿಗೆಯ ಸಂದಿಯಲ್ಲಿ ಅಕ್ಕಿಕಾಳಿನಂಥದ್ದು ಮಿಸುಕಾಡಿತು. ಹುಳ. ಪೇಟೆಯ ವೈದ್ಯರು ಒಂದೊಂದನ್ನೇ ಚಿಮುಟದಲ್ಲಿ ತೆಗೆಯುವಾಗ ನಾನು ಅವನ ತಲೆ ಹಿಡಿದುಕೊಂಡಿದ್ದೆ. ಇಂದಿಗೂ ಆ ಅರ್ಧ ಗಂಟೆ ಮರೆತಿಲ್ಲ.

ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಮರಿಯಾಗುತ್ತದಂತೆ. ಅಂದರೆ ಒಂದು ದಿನ ನೋಡದೆ ಬಿಟ್ಟರೂ ಸಾಕು. ನೆರೆಯವರು ಟರ್ಪೆಂಟೈನ್ ಸುರಿಯಿರಿ ಎಂದರು, ವೈದ್ಯರು ಹಾಗೆ ಮಾಡಿದ್ದರೆ ಮಾಂಸವೇ ಸುಡುತ್ತಿತ್ತು ಎಂದರು. ಈಗ ನಮ್ಮಲ್ಲಿ ಯಾವ ಪ್ರಾಣಿಗೆ ಗಾಯವಾದರೂ ಮಗುವಿನ ಮೇಲೆ ಮುಚ್ಚುವ ಕೊಡೆಯಂಥ ಸೊಳ್ಳೆಪರದೆ ಹಾಕುತ್ತೇವೆ. ಜೊತೆಗೆ ನೆಲದ ಮಟ್ಟಕ್ಕೆ ಒಂದು ಟೇಬಲ್ ಫ್ಯಾನ್. ಗಾಳಿ ಬೀಸುವಲ್ಲಿ ನೊಣ ಕೂರುವುದಿಲ್ಲ.

ಕಾಪುವಿನಿಂದ | ಜುಲೈ 23, ಬೆಳಿಗ್ಗೆ 10.40

ಅರಿಶಿನವನ್ನು ಹೀಗೆ ಒಂದೇ ಏಟಿಗೆ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಅಜ್ಜಿ ದನದ ಕೊಂಬು ಮುರಿದಾಗ, ಗೊರಸು ಸೀಳಿದಾಗ ಅರಿಶಿನದಿಂದಲೇ ಗುಣಪಡಿಸುತ್ತಿದ್ದರು. ಅಂಗಡಿಯ ಮುಲಾಮು ಬರುವ ಮೊದಲು ಊರಿನ ಪ್ರಾಣಿಗಳೆಲ್ಲ ಸಾಯುತ್ತಿದ್ದವೇ?

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 23, ಮಧ್ಯಾಹ್ನ 1.30

ನಿಮ್ಮ ಅಜ್ಜಿಯ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗೊರಸಿನ ಸೀಳು ತೆರೆದ ಗಾಯ. ಇದು ಶುಚಿಯಾಗಿ ಕೊಯ್ದು, ಅಂಚಿಗೆ ಅಂಚು ಕೂಡಿಸಿ ಹೊಲಿದದ್ದು. ಆ ಎರಡು ಅಂಚು ತಾನಾಗಿ ಬೆಸೆಯಬೇಕು. ನಡುವೆ ಪುಡಿ ಸೇರಿದರೆ ಬೆಸುಗೆಗೆ ಅಡ್ಡಿ. ಇನ್ನೊಂದು ತೊಂದರೆಯಿದೆ: ಅರಿಶಿನ ಹಚ್ಚಿದ ಮೇಲೆ ಚರ್ಮದ ಬಣ್ಣ ಕಾಣುವುದಿಲ್ಲ. ಕೆಂಪಾಯಿತೇ, ಕೀವಾಯಿತೇ ಎಂದು ನನಗೂ ತಿಳಿಯುವುದಿಲ್ಲ. ಅಡುಗೆಮನೆಯ ಅರಿಶಿನದ ಡಬ್ಬಿಗೆ ಎಷ್ಟು ಕೈ ಹೋಗಿರುತ್ತದೆ ಎಂದೂ ಯೋಚಿಸಿ.

ನಂಜಿನ ಮಾತಿಗೂ ಉತ್ತರಿಸುತ್ತೇನೆ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ. ಗಾಯವಾದವರಿಗೆ ಮೀನು, ಮೊಟ್ಟೆ ನಂಜು ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಆದರೆ ಮೈ ಗಾಯವನ್ನು ಕಟ್ಟುವುದು ಪ್ರೋಟೀನಿನಿಂದ. ಬರೀ ಗಂಜಿಯಲ್ಲಿ ಅದಿಲ್ಲ. ಬೇಯಿಸಿದ ಮೊಟ್ಟೆ, ಚರ್ಮ ತೆಗೆದ ಕೋಳಿ, ಮುಳ್ಳು ಬಿಡಿಸಿದ ಮೀನು, ಇವೇ ಈಗ ಅವಳಿಗೆ ಮದ್ದು. ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಂತೂ ಬೇಡವೇ ಬೇಡ, ಅವು ನಾಯಿ, ಬೆಕ್ಕು ಎರಡರ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ಕುಂಜಿಬೆಟ್ಟಿನ ಮನೆ | ಜುಲೈ 23, ರಾತ್ರಿ 8.30

ಎಲ್ಲರಿಗೂ ಕೈಮುಗಿಯುತ್ತೇನೆ. ಬೆಳಿಗ್ಗೆ ಫೋನ್ ಮಾಡಿದೆ, ನೋವಿನ ಔಷಧದ ಪ್ರಮಾಣವನ್ನು ಅವಳ ತೂಕಕ್ಕೆ ಸರಿಹೊಂದಿಸಿದರು. ಸಂಜೆಯ ಹೊತ್ತಿಗೆ ಮೊದಲ ಬಾರಿಗೆ ಪಕ್ಕಕ್ಕೆ ಒರಗಿ ಕಾಲು ಚಾಚಿ ಮಲಗಿದಳು. ಮಣ್ಣಿನ ತಟ್ಟೆಯ ಉಪಾಯ ಎರಡನೆಯ ಸಲಕ್ಕೇ ಫಲಿಸಿತು!

ಊಟದ ಕಥೆ ಕೇಳಿ. ಮಳೆಗಾಲದಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯಬಾರದೆಂಬ ಟ್ರಾಲಿಂಗ್ ನಿಷೇಧ ಜುಲೈ 31ರವರೆಗೆ ಇದೆಯಲ್ಲ, ಬಂಗುಡೆ ಕಾಣುವುದೇ ಅಪರೂಪ. ನಾಡದೋಣಿಯವರು ತಂದ ನಾಲ್ಕು ಬೂತಾಯಿ ಸಿಕ್ಕಿತು. ಅತ್ತೆಯೇ ಕುಳಿತು ಬೇಯಿಸಿ, ಕನ್ನಡಕ ಹಾಕಿಕೊಂಡು ಒಂದೊಂದೇ ಮುಳ್ಳು ಬಿಡಿಸಿ, ಕುಚ್ಚಲಕ್ಕಿ ಗಂಜಿಗೆ ಕಿವುಚಿ, ಬೆರಳ ತುದಿಯಲ್ಲಿ ನೆಕ್ಕಿಸಿದರು. ನಂಜು ಎಂದವರೂ ಅವರೇ, ತಿನ್ನಿಸಿದವರೂ ಅವರೇ. ಕಾಲು ತಟ್ಟೆ ಹೋಯಿತು. ನೀರು ಇಂದು 1,500 ಮಿಲಿಲೀಟರ್. ಬರೆದಿಟ್ಟಿದ್ದೇನೆ.

ಬಿಜೈ ಫ್ಲ್ಯಾಟ್, ಎರಡು ಬೆಕ್ಕು | ಜುಲೈ 24, ಮಧ್ಯಾಹ್ನ 12.10

ಇದೇ ಚರ್ಚೆಯಲ್ಲಿ ಬೆಕ್ಕಿನವರಿಗೂ ಜಾಗ ಇದೆಯೇ? ನಮ್ಮ ಮಿಂಚುವಿಗೆ ನಿನ್ನೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬರುತ್ತಿಲ್ಲ. ಕೋನ್ ಹಾಕಿದರೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾಳೆ. ಪಕ್ಕದ ಮನೆಯವರು ಜ್ವರದ ಮಾತ್ರೆಯ ಕಾಲು ಚೂರು ಕೊಡಿ, ನೋವು ಇಳಿಯುತ್ತದೆ ಎಂದರು.

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 24, ಮಧ್ಯಾಹ್ನ 12.25

ಕೊಡಬೇಡಿ. ಕೈಯಲ್ಲಿದ್ದರೆ ಕೆಳಗಿಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಅದರ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಜೀವ ತೆಗೆಯಬಲ್ಲದು. ಡೆಟಾಲ್‌ನಂಥ ದ್ರಾವಣ, ಫಿನಾಯಿಲ್, ನೀಲಗಿರಿ ಎಣ್ಣೆ ಯಾವುದನ್ನೂ ಅದರ ಮೈಗೆ ಸೋಕಿಸಬೇಡಿ, ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ.

ಉರ್ವಾದ ಓದುಗಿ | ಜುಲೈ 24, ಮಧ್ಯಾಹ್ನ 2.00

ವೈದ್ಯರು ಹೇಳಿದ್ದು ಅಕ್ಷರಶಃ ನಿಜ. ನಾನು ಕಾಲೇಜಿನಲ್ಲಿದ್ದಾಗ ಬೆಕ್ಕಿಗೆ ಜ್ವರವೆಂದು ಅರ್ಧ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕಿ ಕುಡಿಸಿದೆ. ಸಂಜೆಯೊಳಗೆ ಅದರ ವಸಡು ಕಾಫಿ ಬಣ್ಣಕ್ಕೆ ತಿರುಗಿತು, ಮುಖ ಊದಿತು, ಬಾಯಿ ತೆರೆದು ಉಸಿರೆಳೆಯಿತು. ಬೆಳಗಾಗುವುದರೊಳಗೆ ಹೋಯಿತು. ಅದರ ಹೆಸರು ಚಿನ್ನಿ. ಹನ್ನೊಂದು ವರ್ಷವಾಯಿತು. ಯಾರಾದರೂ ಒಬ್ಬರು ಓದಿ ಕೈ ತಡೆಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮಿಂಚುವಿನ ಬಗ್ಗೆ: ಮಂಚದ ಕೆಳಗೆ ಬಿಡಬೇಡಿ, ಹೊಲಿಗೆ ಕಾಣುವುದಿಲ್ಲ. ಸಣ್ಣ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಾಗಿಸಿ ಇಡಿ, ಅಡಗಲು ಅಷ್ಟು ಸಾಕು. ಕಪಾಟು, ಕಿಟಕಿ ಹತ್ತದಂತೆ ಮೇಜು ಕುರ್ಚಿ ಹೊರಗಿಡಿ. ಮಲಮೂತ್ರದ ತಟ್ಟೆಗೆ ಮರಳಿನ ಬದಲು ಹರಿದ ದಿನಪತ್ರಿಕೆ ಹಾಕಿ, ಮರಳಿನ ಧೂಳು ಗಾಯಕ್ಕೆ ಅಂಟುತ್ತದೆ. ಬೆಕ್ಕು ಒಂದು ದಿನ ಪೂರ್ತಿ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಹೇಳಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಮೀನು ಬೇಯಿಸಿದ ನೀರನ್ನು ಉಗುರುಬೆಚ್ಚಗೆ ಮಾಡಿ ಮೂಗಿನ ಹತ್ತಿರ ಹಿಡಿಯಿರಿ. ವಾಸನೆಗೆ ಬೆಕ್ಕು ಸೋಲುತ್ತದೆ.

ಸುರತ್ಕಲ್ ವಿದ್ಯಾರ್ಥಿ | ಜುಲೈ 25, ಸಂಜೆ 6.45

ನಮ್ಮ ಓಣಿಯ ನಾಯಿಗೆ ಹೆದ್ದಾರಿ 66ರಲ್ಲಿ ವಾಹನ ಬಡಿದು ಹಿಂಗಾಲಿಗೆ ಪ್ಲೇಟ್ ಹಾಕಿಸಿದ್ದೇವೆ. ನಾಲ್ಕು ಜನ ಸ್ನೇಹಿತರು ಸೇರಿ ಬಾಡಿಗೆ ಕೋಣೆಯಲ್ಲಿಟ್ಟು ನೋಡಿಕೊಳ್ಳುತ್ತಿದ್ದೇವೆ. ಎಂಟು ವಾರ ಓಡಬಾರದು, ಮೆಟ್ಟಿಲು ಹತ್ತಬಾರದು ಎಂದಿದ್ದಾರೆ. ಎರಡನೆಯ ವಾರಕ್ಕೇ ಅವನು ಆರಾಮಾದಂತೆ ಕುಣಿಯುತ್ತಾನೆ. ಅಷ್ಟು ದಿನ ಕಟ್ಟಿಹಾಕುವುದು ಹಿಂಸೆಯಲ್ಲವೇ?

ನಿವೃತ್ತ ದಾದಿ, ಕಂಕನಾಡಿ | ಜುಲೈ 25, ರಾತ್ರಿ 7.30

ಮಗನೇ, ನೋವು ಹೋದದ್ದು ಮೂಳೆ ಕೂಡಿದ್ದಲ್ಲ. ಮೂಳೆಗೆ ಎರಡರಿಂದ ಮೂರು ತಿಂಗಳು ಬೇಕು. ಈಗ ಹಾರಿದರೆ ಪ್ಲೇಟೇ ಬಾಗಬಹುದು. ಹೊರಗೆ ಕರೆದೊಯ್ಯುವಾಗ ಬೈರಾಸನ್ನು ಉದ್ದಕ್ಕೆ ಮಡಚಿ ಹೊಟ್ಟೆಯ ಕೆಳಗೆ ತೊಟ್ಟಿಲಿನಂತೆ ಹಾಯಿಸಿ ಎರಡೂ ತುದಿ ಮೇಲೆ ಹಿಡಿಯಿರಿ, ಹಿಂಗಾಲಿನ ಭಾರ ನಿಮ್ಮ ಕೈಗೆ ಬರುತ್ತದೆ. ಬೇಸರ ಕಳೆಯಲು ಊಟವನ್ನೇ ಆಟ ಮಾಡಿ. ಅನ್ನದ ಉಂಡೆಯನ್ನು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿ ಕೊಟ್ಟರೆ ಮೂಗಿಗೆ ಅರ್ಧ ಗಂಟೆ ಕೆಲಸ. ನಾಲ್ಕು ಜನ ಹುಡುಗರು ಸೇರಿ ಬೀದಿ ನಾಯಿಗೆ ಇಷ್ಟು ಮಾಡುತ್ತಿದ್ದೀರಲ್ಲ, ನಿಮ್ಮ ತಾಯಂದಿರಿಗೆ ನನ್ನ ನಮಸ್ಕಾರ ತಿಳಿಸಿ.

ಕುಂಜಿಬೆಟ್ಟಿನ ಮನೆ | ಜುಲೈ 25, ರಾತ್ರಿ 11.40

ಯಾರಾದರೂ ಎಚ್ಚರ ಇದ್ದೀರಾ? ಕರೆಂಟ್ ಹೋಗಿ ಎರಡು ಗಂಟೆಯಾಯಿತು. ಊಟ ಮಾಡಿಸಲು ಕೋನ್ ತೆಗೆದಿದ್ದೆ. ಸೆಕೆಗೆ ಅವಳು ಒದ್ದಾಡುತ್ತಿದ್ದಳು, ಸ್ವಲ್ಪ ಗಾಳಿಯಾಡಲಿ ಎಂದು ಪಕ್ಕದಲ್ಲೇ ಕುಳಿತೆ. ಗೋಡೆಗೊರಗಿ ನಿದ್ದೆ ಹೋಗಿಬಿಟ್ಟೆ. ಹತ್ತು ನಿಮಿಷವೂ ಇರಲಿಕ್ಕಿಲ್ಲ. ಕಣ್ಣು ಬಿಟ್ಟರೆ ನೆಕ್ಕುವ ಸದ್ದು. ಎರಡು ಹೊಲಿಗೆ ಕಿತ್ತಿದ್ದಾಳೆ. ಕೆಳತುದಿಯಲ್ಲಿ ಒಂದು ಬೆರಳಿನಷ್ಟು ಬಾಯಿ ಬಿಟ್ಟಿದೆ. ಕೈ ನಡುಗುತ್ತಿದೆ.

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 25, ರಾತ್ರಿ 11.52

ಇದ್ದೇನೆ. ಮೊದಲು ಕೋನ್ ಹಾಕಿ. ಆಮೇಲೆ ಟಾರ್ಚ್ ಬೆಳಕಿನಲ್ಲಿ ನೋಡಿ: ಬಿಟ್ಟಿರುವುದು ಚರ್ಮ ಮಾತ್ರವೇ? ಒಳಗಿನ ಸ್ನಾಯುವಿನ ಪದರಕ್ಕೆ ಬೇರೆಯೇ ಹೊಲಿಗೆ ಇರುತ್ತದೆ. ಒಳಗೆ ಗುಲಾಬಿ ಬಣ್ಣದ ನುಣುಪಾದ ಪದರ ಮುಚ್ಚಿಕೊಂಡೇ ಇದ್ದರೆ ಬೆಳಗಿನವರೆಗೆ ಕಾಯಬಹುದು. ಕೊಬ್ಬೋ ಕರುಳೋ ಏನಾದರೂ ಹೊರಗೆ ಇಣುಕುತ್ತಿದ್ದರೆ ಒಳಗೆ ತಳ್ಳಬೇಡಿ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಮುಚ್ಚಿ, ಹೊಟ್ಟೆಯ ಸುತ್ತ ಬೈರಾಸು ಸುತ್ತಿ, ಈಗಲೇ ಹೊರಡಿ. ಎರಡರಲ್ಲಿ ಯಾವುದು?

ಕುಂಜಿಬೆಟ್ಟಿನ ಮನೆ | ಜುಲೈ 25, ರಾತ್ರಿ 11.58

ಚರ್ಮ ಮಾತ್ರ. ಒಳಗೆ ಮುಚ್ಚಿದೆ. ಮಗ ಟಾರ್ಚ್ ಹಿಡಿದ, ಎರಡು ಸಲ ನೋಡಿದೆವು. ರಕ್ತ ಇಲ್ಲ. ವಸಡು ಗುಲಾಬಿ ಇದೆ.

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 26, ನಸುಕು 12.03

ಒಳ್ಳೆಯದು. ಶುಭ್ರವಾದ ಒಣ ಬಟ್ಟೆ ಮುಚ್ಚಿ ಸಡಿಲವಾಗಿ ಸುತ್ತಿ. ಮತ್ತೆ ಅರಿವಳಿಕೆ ಬೇಕಾಗಬಹುದು, ಹಾಗಾಗಿ ಇನ್ನು ಊಟ ಕೊಡಬೇಡಿ, ನೀರು ಸ್ವಲ್ಪ ಇರಲಿ. ಬಾಗಿಲು ತೆರೆಯುವ ಹೊತ್ತಿಗೆ ಆಸ್ಪತ್ರೆಯಲ್ಲಿರಿ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಅದರ ಬಾಯಿಯಲ್ಲಿ ಬ್ಯಾಕ್ಟೀರಿಯ ತುಂಬಿರುತ್ತದೆ, ವೈದ್ಯರಿಗೆ ನೆಕ್ಕಿದ್ದನ್ನೂ ತಿಳಿಸಿ.

ನಿವೃತ್ತ ದಾದಿ, ಕಂಕನಾಡಿ | ಜುಲೈ 26, ಬೆಳಿಗ್ಗೆ 5.40

ಈಗಷ್ಟೇ ಓದಿದೆ. ಐದು ರಾತ್ರಿ ಒಬ್ಬಳೇ ಕಾವಲು ಕುಳಿತವಳಿಗೆ ನಿದ್ದೆ ಬರದೆ ಇನ್ನೇನು? ವಾರ್ಡಿನಲ್ಲಿ ನಮಗೆ ಮೂರು ಪಾಳಿ ಇತ್ತು. ನೀವೂ ಪಾಳಿ ಮಾಡಿ: ಹತ್ತರಿಂದ ಒಂದು ಮಗ, ಒಂದರಿಂದ ನಾಲ್ಕು ನೀವು, ನಾಲ್ಕಕ್ಕೆ ಅತ್ತೆಯವರು ಹೇಗೂ ಏಳುತ್ತಾರೆ. ಕೋನ್ ತೆಗೆಯದೆಯೂ ಊಟ ಮಾಡಿಸಬಹುದು. ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಕಿರಿದಾದ ಬಟ್ಟಲು ಇಡಿ, ಬಟ್ಟಲು ಕೋನಿನ ಬಾಯಿಯೊಳಗೆ ಹೋಗುವಂತಿರಲಿ. ಕೋನ್ ಮೂಗಿಗಿಂತ ಎರಡು ಬೆರಳು ಮುಂದಿರಬೇಕು, ಕುತ್ತಿಗೆಯಲ್ಲಿ ಎರಡು ಬೆರಳು ಸಲೀಸಾಗಿ ತೂರಬೇಕು. ಸೆಕೆಯಾದರೆ ಕುತ್ತಿಗೆಯ ಸುತ್ತ ತೇವ ಒರೆಸಿ, ತುಪ್ಪಳದ ಕೆಳಗೆ ಕೆಂಪಗಾಗಿದೆಯೇ ನೋಡಿ.

ಕುಂಜಿಬೆಟ್ಟಿನ ಮನೆ | ಜುಲೈ 26, ಮಧ್ಯಾಹ್ನ 3.15

ಜಾಗ ಮರಗಟ್ಟಿಸಿ ಎರಡು ಹೊಲಿಗೆ ಮತ್ತೆ ಹಾಕಿದರು. ಹನ್ನೆರಡು ದಿನದ ಲೆಕ್ಕ ಇಂದಿನಿಂದ ಮತ್ತೆ ಶುರು. ವೈದ್ಯರು ಬೈಯಲಿಲ್ಲ. ಮೊಬೈಲಿನಲ್ಲಿದ್ದ ದಿನದಿನದ ಫೋಟೊ, ನೀರಿನ ಲೆಕ್ಕದ ಚೀಟಿ ತೋರಿಸಿದಾಗ ಅದನ್ನು ಪೂರ್ತಿ ಓದಿ, "ಇದನ್ನು ನಿಲ್ಲಿಸಬೇಡಿ" ಎಂದರು. ನೆಕ್ಕಿದ್ದಕ್ಕೆ ಆಂಟಿಬಯೋಟಿಕ್ ಐದು ದಿನ ಮುಂದುವರಿಸಿದ್ದಾರೆ. ಮಾತ್ರೆಯನ್ನು ನೀರುದೋಸೆಯ ಚೂರಿನಲ್ಲಿ ಸುತ್ತಿ ಕೊಡುತ್ತಿದ್ದೇನೆ, ಮೊದಲು ಖಾಲಿ ಚೂರು, ನಡುವೆ ಮಾತ್ರೆಯದ್ದು, ಹಿಂದೆಯೇ ಇನ್ನೊಂದು ಖಾಲಿ ಚೂರು. ಮೂರನೆಯದರ ಆಸೆಗೆ ಎರಡನೆಯದನ್ನು ಗಬಕ್ಕನೆ ನುಂಗುತ್ತಾಳೆ.

ಕಾಪುವಿನಿಂದ | ಜುಲೈ 26, ಸಂಜೆ 5.00

ಅಕ್ಕ, ಮೊನ್ನೆ ಅರಿಶಿನದ ಪರವಾಗಿ ಬರೆದವನು ನಾನೇ. ಗಾಯದ ಬಣ್ಣ ಕಾಣಿಸದಂತಾಗುತ್ತದೆ ಎಂಬ ಮಾತು ನನಗೆ ಮನವರಿಕೆಯಾಯಿತು. ನನ್ನ ಬಳಿ ಚಾರ್ಜ್ ಮಾಡುವ ಟೇಬಲ್ ಫ್ಯಾನ್ ಒಂದಿದೆ, ಕರೆಂಟ್ ಇಲ್ಲದಿದ್ದರೂ ನಾಲ್ಕು ಗಂಟೆ ತಿರುಗುತ್ತದೆ. ನಾಳೆ ಉಡುಪಿಗೆ ಬರುವವನಿದ್ದೇನೆ. ಬೊಳ್ಳಿಗೆ ಬೇಕಾದರೆ ತಂದುಕೊಡುತ್ತೇನೆ.

ಬಿಜೈ ಫ್ಲ್ಯಾಟ್, ಎರಡು ಬೆಕ್ಕು | ಜುಲೈ 28, ಬೆಳಿಗ್ಗೆ 9.30

ಮಿಂಚು ಊಟ ಮಾಡುತ್ತಿದ್ದಾಳೆ. ಆದರೆ ಹೊಲಿಗೆಯ ಕೆಳಗೆ ಗೋಲಿಯಷ್ಟು ಮೆತ್ತಗಿನ ಉಬ್ಬು ಕಾಣಿಸಿದೆ. ನೋವಿಲ್ಲ, ಬಿಸಿಯಿಲ್ಲ, ಬಣ್ಣವೂ ಬದಲಾಗಿಲ್ಲ.

ಪಶುವೈದ್ಯ, ಬ್ರಹ್ಮಾವರ ಕಡೆ | ಜುಲೈ 28, ಮಧ್ಯಾಹ್ನ 1.10

ಹೆಚ್ಚಾಗಿ ಚರ್ಮದಡಿ ನೀರು ಸೇರಿಕೊಂಡದ್ದಿರಬೇಕು. ಜಿಗಿದಾಟ ಜಾಸ್ತಿಯಾದಾಗ ಆಗುತ್ತದೆ, ಬಹುತೇಕ ತಾನಾಗಿ ಇಂಗುತ್ತದೆ. ಸೂಜಿ ಚುಚ್ಚಿ ತೆಗೆಯಲು ಹೋಗಬೇಡಿ. ಆದರೆ ಒತ್ತಿದಾಗ ಒಳಗೆ ಹೋಗಿ ಮತ್ತೆ ಬರುವಂತಿದ್ದರೆ ಒಳಪದರ ಬಿಟ್ಟಿರಬಹುದು. ಆದ್ದರಿಂದ ನೀವು ಒತ್ತುವುದು ಬೇಡ, ವೈದ್ಯರ ಕೈಯಲ್ಲಿ ಒಮ್ಮೆ ಪರೀಕ್ಷೆಯಾಗಲಿ.

ಮಲ್ಪೆ ಕಡಲ ಬದಿ | ಜುಲೈ 30, ರಾತ್ರಿ 9.00

ನಮ್ಮ ಕಡೆ ಸಂತಾನಹರಣ ಮಾಡಿ ಬಿಟ್ಟ ಬೀದಿ ನಾಯಿಗಳನ್ನು ಕಿವಿಯ ತುದಿಯ ಕಚ್ಚು ನೋಡಿ ಗುರುತಿಸುತ್ತೇವೆ. ಅವಕ್ಕೆ ಕೋನ್ ಇಲ್ಲ, ಮನೆಯಿಲ್ಲ. ಹೊಸದಾಗಿ ಕಚ್ಚು ಬಿದ್ದ ನಾಯಿ ಕಂಡರೆ ಒಂದು ವಾರ ದೋಣಿ ಶೆಡ್ಡಿನ ಒಣ ಜಾಗದಲ್ಲಿ ಊಟ ಇಡುತ್ತೇನೆ, ಅದು ಮಳೆಗೆ ಅಲೆಯದಿರಲಿ ಎಂದು. ಮಲಗಿದಾಗ ದೂರದಿಂದಲೇ ಹೊಟ್ಟೆ ನೋಡುತ್ತೇನೆ. ಓದುವವರು ನಿಮ್ಮ ಬೀದಿಯಲ್ಲೂ ಒಮ್ಮೆ ಕಣ್ಣಾಡಿಸಿ.

ಕುಂಜಿಬೆಟ್ಟಿನ ಮನೆ | ಆಗಸ್ಟ್ 2, ರಾತ್ರಿ 8.10

ನೀರು 820 ಮಿಲಿಲೀಟರ್‌ಗೆ ಇಳಿದಿದೆ. ಒಂದು ತಟ್ಟೆ ಊಟ ಪೂರ್ತಿ. ಕಾಪುವಿನ ತಮ್ಮ ತಂದ ಫ್ಯಾನ್ ರಾತ್ರಿಯೆಲ್ಲ ತಿರುಗುತ್ತಿದೆ. ಹೊಲಿಗೆಯ ಅಂಚು ಒಣಗಿ ತೆಳು ಗೆರೆಯಾಗಿದೆ. ಒಂದೇ ಚಿಂತೆ, ಅವಳು ಇನ್ನೂ ಬೊಗಳಿಲ್ಲ. ಗೇಟಿನ ಸದ್ದಾದರೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಾಳೆ.

ನಿವೃತ್ತ ದಾದಿ, ಕಂಕನಾಡಿ | ಆಗಸ್ಟ್ 2, ರಾತ್ರಿ 8.45

ಬೊಗಳಲು ಹೊಟ್ಟೆ ಬಿಗಿಹಿಡಿಯಬೇಕಲ್ಲವೇ ಮಗಳೇ. ಹೊಟ್ಟೆ ಕೊಯ್ಸಿಕೊಂಡವರು ಕೆಮ್ಮಲೂ ಹೆದರುತ್ತಾರೆ. ಕಾಯಿರಿ.

ಕುಂಜಿಬೆಟ್ಟಿನ ಮನೆ | ಆಗಸ್ಟ್ 7, ಮಧ್ಯಾಹ್ನ 12.30

ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ಒಟ್ಟು ಒಂಬತ್ತು. ಒಂದೊಂದು ಕತ್ತರಿಸಿದಾಗಲೂ ಅವಳು ನನ್ನ ಮೊಣಕೈಯನ್ನು ನೆಕ್ಕಿದಳು. ಇನ್ನು ಮೂರು ದಿನ ಸ್ನಾನ ಬೇಡ, ಎರಡು ವಾರ ಹಾರುವುದು ಬೇಡ ಎಂದಿದ್ದಾರೆ. ತಿಂಗಳು ಕಳೆದು ಮೂತ್ರಪಿಂಡಕ್ಕಾಗಿ ರಕ್ತಪರೀಕ್ಷೆ ಇದೆ.

ಮನೆಗೆ ಬಂದು ಕೋನ್ ಬಿಚ್ಚಿದೆ. ಹದಿನೇಳು ದಿನದ ಮೇಲೆ ಮೊದಲ ಸಲ ಎರಡೂ ಕಿವಿಯನ್ನು ಪಟಪಟನೆ ಒದರಿದಳು. ಅಷ್ಟರಲ್ಲಿ ಒಳದಾರಿಯ ತಿರುವಿನಲ್ಲಿ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತು. ಬೋಟುಗಳು ಕಡಲಿಗಿಳಿದಿವೆ, ಬಂಗುಡೆ ಬಂದಿದೆ. ಬೊಳ್ಳಿ ಎದ್ದು ನಿಂತಳು, ರಬ್ಬರ್ ಮ್ಯಾಟಿನ ದಾರಿಯಲ್ಲೇ ಬಾಗಿಲಿನವರೆಗೆ ನಡೆದಳು, ಹೊಸಿಲಿನಲ್ಲಿ ನಿಂತು ಮೂರು ಸಲ ಬೊಗಳಿದಳು. ಅತ್ತೆ ಅಡುಗೆಮನೆಯಿಂದ ಪಾತ್ರೆ ಹಿಡಿದುಕೊಂಡೇ ಓಡಿ ಬಂದರು.